ಮುದಿ ನಾಯಿಯ ಲಿವರ್: ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ಹತ್ತು ವರ್ಷ ದಾಟಿದ ನಾಯಿಯ ರಕ್ತಪರೀಕ್ಷೆಯಲ್ಲಿ ಲಿವರ್‌ಗೆ ಸಂಬಂಧಿಸಿದ ಒಂದಾದರೂ ಅಂಕಿ ಏರಿರುವುದು ತೀರ ಸಾಮಾನ್ಯ. ವರದಿ ನೋಡಿದ ಡಾಕ್ಟರು 'ಲಿವರ್ ಸ್ವಲ್ಪ ವೀಕ್ ಇದೆ' ಎನ್ನುತ್ತಾರೆ, ಒಂದು ಸಿರಪ್ ಬರೆದುಕೊಟ್ಟು ಹದಿನೈದು ದಿನ ಬಿಟ್ಟು ಬರಹೇಳುತ್ತಾರೆ. ಅಷ್ಟರಲ್ಲಿ ನಾಯಿ ಅನ್ನ ಬಿಟ್ಟರೆ, ಹೊಟ್ಟೆ ಉಬ್ಬಿದರೆ, ಕಣ್ಣಿನ ಬಿಳಿ ಹಳದಿಗೆ ತಿರುಗಿದರೆ ಮನೆಯವರ ಹುಡುಕಾಟ ಶುರುವಾಗುತ್ತದೆ. ನಾಯಿಗಳ ಲಿವರ್ ಸ್ಪೆಷಲಿಸ್ಟ್ ಎಲ್ಲಿದ್ದಾರೆ? ಬೆಂಗಳೂರಿನಲ್ಲಿ ಯಾರೋ ಇದ್ದಾರಂತೆ, ಚೆನ್ನೈಯಲ್ಲಿ ಇನ್ನೂ ಒಳ್ಳೆಯವರಿದ್ದಾರಂತೆ ಎಂಬ ಅಂತೆಕಂತೆಗಳ ಮೇಲೆ ಜನ ರಾತ್ರೋರಾತ್ರಿ ಕಾರು ಹತ್ತುತ್ತಾರೆ.

ಆ ಹೆಸರಿನ ಡಾಕ್ಟರು ನಮ್ಮಲ್ಲಿ ಇಲ್ಲ ಎಂಬುದು ಮೊದಲು ತಿಳಿದಿರಬೇಕು. ಭಾರತದಲ್ಲಿ ಪಶುವೈದ್ಯರಾಗಲು ಬಿ.ವಿ.ಎಸ್ಸಿ. ಮತ್ತು ಎ.ಎಚ್. ಎಂಬ ಐದೂವರೆ ವರ್ಷದ ಪದವಿ ಬೇಕು. ಅದರ ಮೇಲೆ ಎರಡು ವರ್ಷದ ಎಂ.ವಿ.ಎಸ್ಸಿ. ಮಾಡುವವರು ಮೆಡಿಸಿನ್, ಸರ್ಜರಿ, ಪೆಥಾಲಜಿ, ಪ್ರಸೂತಿಶಾಸ್ತ್ರ ಹೀಗೆ ಒಂದು ವಿಭಾಗವನ್ನು ಆರಿಸಿಕೊಳ್ಳುತ್ತಾರೆ. ಆ ಮೆಡಿಸಿನ್ ವಿಭಾಗದಲ್ಲಿ ನಾಯಿ, ಬೆಕ್ಕು, ಹಸು, ಕುದುರೆ ಎಲ್ಲವೂ ಸೇರಿವೆ. ಲಿವರ್‌ಗೆಂದೇ, ಅದರಲ್ಲೂ ನಾಯಿಯ ಲಿವರ್‌ಗೆಂದೇ, ಬೇರೆ ಪದವಿ ಇಲ್ಲ. ಅಮೆರಿಕದಲ್ಲೂ ಇಂಥ ಕಾಯಿಲೆ ನೋಡುವವರು ಸಣ್ಣ ಪ್ರಾಣಿಗಳ ಇಂಟರ್ನಲ್ ಮೆಡಿಸಿನ್ ತಜ್ಞರೇ. ಆದರೆ ಅಲ್ಲಿ ಪದವಿಯ ನಂತರ ಇಂಟರ್ನ್‌ಶಿಪ್, ಮೂರು ವರ್ಷದ ರೆಸಿಡೆನ್ಸಿ, ಕಠಿಣ ಪರೀಕ್ಷೆ ಮುಗಿಸಿದವರಿಗಷ್ಟೇ ಆ ಹೆಸರು ಹಾಕಿಕೊಳ್ಳುವ ಹಕ್ಕು. ನಮ್ಮಲ್ಲಿ ಫಲಕದ ಮೇಲೆ 'ಸ್ಪೆಷಲಿಸ್ಟ್' ಎಂದಿದ್ದರೆ ಅದರ ಹಿಂದೆ ಇಪ್ಪತ್ತು ವರ್ಷದ ಅನುಭವವೂ ಇರಬಹುದು, ವಾರಾಂತ್ಯದ ಒಂದು ತರಬೇತಿಯೂ ಇರಬಹುದು.

ಹಾಗಾಗಿ ಒಬ್ಬ ಮಹಾವೈದ್ಯರನ್ನು ಹುಡುಕಿಕೊಂಡು ಊರೂರು ಅಲೆಯುವುದು ದಾರಿ ತಪ್ಪಿದ ಹುಡುಕಾಟವೆಂದು ನನ್ನ ಅನಿಸಿಕೆ. ಮುದಿ ನಾಯಿಯ ಲಿವರ್ ವಿಷಯದಲ್ಲಿ ಬೇಕಾಗುವುದು ಮೂವರು. ಇಡೀ ನಾಯಿಯನ್ನು ನೋಡಿ ಯೋಚಿಸುವ ಮೆಡಿಸಿನ್ ಡಾಕ್ಟರು ಒಬ್ಬರು, ಸ್ಕ್ಯಾನಿಂಗ್‌ನಲ್ಲಿ ಕೈ ಪಳಗಿದವರು ಒಬ್ಬರು, ಲಿವರಿನ ತುಣುಕನ್ನು ಸೂಕ್ಷ್ಮದರ್ಶಕದಡಿ ಓದಬಲ್ಲ ಪೆಥಾಲಜಿಸ್ಟ್ ಒಬ್ಬರು. ಈ ಮೂವರಲ್ಲಿ ಮೊದಲಿಬ್ಬರು ದೊಡ್ಡ ಊರುಗಳಲ್ಲಿ ಸಿಗುತ್ತಾರೆ. ಮೂರನೆಯವರ ಹೆಸರನ್ನು ಯಾರೂ ಕೇಳುವುದೇ ಇಲ್ಲ. ನಮ್ಮ ವ್ಯವಸ್ಥೆ ಹೆಚ್ಚಾಗಿ ಸೋಲುವುದು ಅಲ್ಲಿಯೇ.

ಈ ಮೂವರೂ ಏಕೆ ಬೇಕು ಎಂದು ತಿಳಿಯಲು ವರದಿಯ ಅಂಕಿಗಳನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಎಸ್‌ಜಿಪಿಟಿ, ಅಂದರೆ ಎಎಲ್‌ಟಿ, ಲಿವರಿನ ಜೀವಕೋಶಗಳ ಒಳಗಿರುವ ಕಿಣ್ವ. ಕೋಶಕ್ಕೆ ಪೆಟ್ಟು ಬಿದ್ದಾಗ ಅದು ರಕ್ತಕ್ಕೆ ಸೋರುತ್ತದೆ. ಆಲ್ಕಲೈನ್ ಫಾಸ್ಫಟೇಸ್, ಅಂದರೆ ಎಎಲ್‌ಪಿ, ಪಿತ್ತ ಹರಿಯುವ ದಾರಿಗೆ ಅಡ್ಡಿಯಾದಾಗ ಏರುತ್ತದೆ. ಮನುಷ್ಯರ ವರದಿ ಓದಿ ಅಭ್ಯಾಸವಿರುವವರು ಇಲ್ಲಿ ಎಡವುತ್ತಾರೆ, ಏಕೆಂದರೆ ನಾಯಿಯ ದೇಹದಲ್ಲಿ ಸ್ಟೀರಾಯ್ಡ್ ಪ್ರಭಾವಕ್ಕೆ ಹುಟ್ಟುವ ಎಎಲ್‌ಪಿಯ ಒಂದು ವಿಶೇಷ ರೂಪ ಇದೆ. ತುರಿಕೆಗೆಂದು ತಿಂಗಳ ಹಿಂದೆ ಚುಚ್ಚಿಸಿದ ಇಂಜೆಕ್ಷನ್, ಕಿವಿಗೆ ಹಾಕಿದ ಹನಿ, ಚರ್ಮಕ್ಕೆ ಸವರಿದ ಮುಲಾಮು, ಇವುಗಳಲ್ಲಿ ಯಾವುದರಲ್ಲಿ ಸ್ಟೀರಾಯ್ಡ್ ಇದ್ದರೂ ಆ ಅಂಕಿ ಹಲವು ಪಟ್ಟು ಏರಬಹುದು. ಫಿಟ್ಸ್‌ಗೆ ಕೊಡುವ ಫೀನೋಬಾರ್ಬಿಟಾಲ್ ಕೂಡ ಅದನ್ನು ಏರಿಸುತ್ತದೆ. ಆದ್ದರಿಂದ ತಜ್ಞರ ಬಳಿ ಹೋಗುವವರು ಹಿಡಿದುಕೊಂಡು ಹೋಗಬೇಕಾದ ಮೊದಲ ಕಾಗದ ಕಳೆದ ಆರು ತಿಂಗಳಲ್ಲಿ ನಾಯಿಯ ಬಾಯಿಗೆ, ಕಿವಿಗೆ, ಮೈಗೆ ಹೋದ ಎಲ್ಲ ಔಷಧಿಗಳ ಪಟ್ಟಿ. ನೆರೆಮನೆಯವರು ಹೇಳಿದ್ದು, ಮೆಡಿಕಲ್ ಶಾಪಿನವರು ಕೊಟ್ಟದ್ದು, ಅಜ್ಜಿ ಅರೆದು ಕುಡಿಸಿದ್ದು ಎಲ್ಲವೂ ಅದರಲ್ಲಿರಲಿ.

ಇನ್ನೊಂದು ಸಣ್ಣ ವಿಷಯ, ಪರಿಣಾಮ ಮಾತ್ರ ದೊಡ್ಡದು. ಜಿಲ್ಲೆ, ತಾಲ್ಲೂಕು ಊರುಗಳಲ್ಲಿ ನಾಯಿಯ ರಕ್ತ ಹೋಗುವುದು ಮನುಷ್ಯರ ಲ್ಯಾಬಿಗೆ. ಅಲ್ಲಿನ ಯಂತ್ರ ಅಂಕಿಯನ್ನು ಸರಿಯಾಗಿಯೇ ಕೊಟ್ಟೀತು, ಪಕ್ಕದ ಕಾಲಂನಲ್ಲಿ ಅಚ್ಚಾಗುವ 'ನಾರ್ಮಲ್' ಮಿತಿ ಮಾತ್ರ ಮನುಷ್ಯರದು. ಆ ಮಿತಿ ನೋಡಿ ಹೆದರುವುದಕ್ಕೂ, ಆ ಮಿತಿ ನೋಡಿ ನಿರಾಳವಾಗುವುದಕ್ಕೂ ಅರ್ಥವಿಲ್ಲ.

ಕಿಣ್ವ ಏರಿದೆ ಎಂದರೆ ಲಿವರ್ ಕೆಲಸ ನಿಲ್ಲಿಸಿದೆ ಎಂದಲ್ಲ. ಕೆಲಸ ಎಷ್ಟು ನಡೆಯುತ್ತಿದೆ ಎಂದು ಹೇಳುವ ಅಂಕಿಗಳೇ ಬೇರೆ: ಆಲ್ಬುಮಿನ್, ಯೂರಿಯಾ, ಸಕ್ಕರೆ, ಕೊಲೆಸ್ಟರಾಲ್, ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಸಮಯ. ಲಿವರ್‌ಗೆ ಭಾರೀ ಮೀಸಲು ಶಕ್ತಿ ಇರುವುದರಿಂದ ಮುಕ್ಕಾಲು ಪಾಲು ಕೆಟ್ಟ ಮೇಲೆಯೇ ಈ ಅಂಕಿಗಳು ಅಲುಗುತ್ತವೆ. ತಮಾಷೆಯೆಂದರೆ ಕೊನೆಯ ಹಂತದಲ್ಲಿ ಸೋರಲು ಕೋಶಗಳೇ ಉಳಿಯದೆ ಎಸ್‌ಜಿಪಿಟಿ ಇಳಿದೂ ಬಿಡಬಹುದು. 'ಲಿವರ್ ನಾರ್ಮಲ್ ಆಯ್ತು' ಎಂದು ಸಂತೋಷಪಟ್ಟ ವಾರದಲ್ಲಿಯೇ ನಾಯಿ ಹೋದ ಕತೆಗಳ ಹಿಂದೆ ಕೆಲವೊಮ್ಮೆ ಇದೇ ಇರುತ್ತದೆ. ಕಾಮಾಲೆ ಇಲ್ಲದ ನಾಯಿಯಲ್ಲಿ ಲಿವರಿನ ಕೆಲಸ ಅಳೆಯಲು ಒಳ್ಳೆಯ ಪರೀಕ್ಷೆ ಬೈಲ್ ಆಸಿಡ್. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟವಾದ ಎರಡು ಗಂಟೆಗೆ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಸಣ್ಣ ಊರಿನ ಲ್ಯಾಬುಗಳಲ್ಲಿ ಇದನ್ನು ಕೇಳಿದರೆ ಮುಖ ಮುಖ ನೋಡುತ್ತಾರೆ. ತಜ್ಞರ ಆಸ್ಪತ್ರೆಗೆ ಹೋಗಲು ಇದೂ ಒಂದು ನಿಜವಾದ ಕಾರಣ.

ಮುದಿ ನಾಯಿಗಳಲ್ಲಿ ಏರಿದ ಅಂಕಿಗಳ ದೊಡ್ಡ ಪಾಲಿಗೆ ಲಿವರ್ ಅಪರಾಧಿಯೇ ಅಲ್ಲ, ಬರೀ ಸಾಕ್ಷಿ. ಹುಳುಕು ಹಲ್ಲು, ಕರುಳಿನ ಉರಿಯೂತ, ಮೇದೋಜೀರಕ ಗ್ರಂಥಿಯ ಊತ, ಮಧುಮೇಹ, ಹೃದಯದ ಬಲಭಾಗದ ವೈಫಲ್ಯ ಇವೆಲ್ಲ ಲಿವರಿನ ಅಂಕಿಗಳನ್ನು ಅಲುಗಾಡಿಸುತ್ತವೆ. ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ದೇಹವೇ ಅತಿಯಾಗಿ ಸ್ಟೀರಾಯ್ಡ್ ತಯಾರಿಸುವ ಕುಶಿಂಗ್ ಕಾಯಿಲೆ. ನಾಯಿ ಬಕೆಟ್ಟುಗಟ್ಟಲೆ ನೀರು ಕುಡಿಯುತ್ತದೆ, ಹಸಿವು ವಿಪರೀತ, ಹೊಟ್ಟೆ ಜೋತುಬಿದ್ದಿದೆ, ಬೆನ್ನಿನ ಕೂದಲು ಎರಡೂ ಕಡೆ ಸಮನಾಗಿ ಉದುರಿದೆ, ಎಎಲ್‌ಪಿ ಮುಗಿಲು ಮುಟ್ಟಿದೆ. ಮನೆಯವರು ಲಿವರ್ ಟಾನಿಕ್ ಕುಡಿಸುತ್ತ ಕೂರುತ್ತಾರೆ. ತಪ್ಪಿರುವುದು ಬಹುತೇಕ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ, ಕೆಲವೊಮ್ಮೆ ಅಡ್ರಿನಲ್‌ನಲ್ಲಿ. ಚೆನ್ನಾಗಿ ತಿನ್ನುತ್ತಿರುವ ನಾಯಿಯಲ್ಲಿ ಎಎಲ್‌ಪಿ ಮಾತ್ರ ಏರಿದ್ದರೆ ಮೊದಲು ಇದನ್ನು ಯೋಚಿಸುವ ಡಾಕ್ಟರೇ ಒಳ್ಳೆಯ ಡಾಕ್ಟರು, ಅವರ ಫಲಕದ ಮೇಲೆ ಏನೇ ಬರೆದಿರಲಿ.

ವಯಸ್ಸಾದ ನಾಯಿಗಳ ಲಿವರಿನಲ್ಲಿ ಗಂಟುಗಂಟಾಗಿ ಕೋಶಗಳು ಬೆಳೆಯುವ ನಾಡ್ಯುಲರ್ ಹೈಪರ್‌ಪ್ಲೇಸಿಯಾ ಎಂಬ ಸ್ಥಿತಿಯೂ ತುಂಬ ಸಾಮಾನ್ಯ, ಅದು ನಿರುಪದ್ರವಿ. ಆದರೆ ಸ್ಕ್ಯಾನಿಂಗ್‌ನಲ್ಲಿ ಕಾಣುವ ಗಂಟು ಇಂಥ ಸಾಧು ಗಂಟೋ ಕ್ಯಾನ್ಸರ್ ಗಡ್ಡೆಯೋ ಎಂದು ಪರದೆ ನೋಡಿ ಖಚಿತವಾಗಿ ಹೇಳಲಾಗದು. 'ಲಿವರ್ ತುಂಬಾ ಗಡ್ಡೆ ಇದೆ, ಇನ್ನೇನೂ ಮಾಡೋಕಾಗಲ್ಲ' ಎಂದು ಸ್ಕ್ಯಾನಿಂಗ್ ಮುಗಿದ ಹತ್ತು ನಿಮಿಷದಲ್ಲಿ ಯಾರಾದರೂ ಹೇಳಿದರೆ ಎರಡನೆಯ ಅಭಿಪ್ರಾಯ ಕೇಳಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಹಾಗೆಂದು ಲಿವರಿನ ಸ್ವಂತ ಕಾಯಿಲೆಗಳು ಕಡಿಮೆಯೇನಲ್ಲ, ನಮ್ಮ ಹವೆಯಲ್ಲಂತೂ ಅವುಗಳಿಗೆ ಬೇರೆಯದೇ ಸರದಿ ಇದೆ. ಅಮೆರಿಕ, ಯುರೋಪಿನ ಪುಸ್ತಕಗಳು ವಯಸ್ಸಾದ ನಾಯಿಗೆ ಕಾಮಾಲೆ ಬಂದರೆ ಕ್ರಾನಿಕ್ ಹೆಪಟೈಟಿಸ್, ಪಿತ್ತಕೋಶದ ಮ್ಯೂಕೋಸೀಲ್, ಗಡ್ಡೆ ಎಂದು ಮೊದಲು ಎಣಿಸುತ್ತವೆ. ಕರ್ನಾಟಕದಲ್ಲಿ ಮೊದಲು ಕೇಳಬೇಕಾದದ್ದು ಉಣ್ಣೆಯ ವಿಷಯ. ಉಣ್ಣೆಗಳಿಂದ ಬರುವ ಎರ್ಲಿಕಿಯಾ, ಬಬೀಸಿಯಾ ಸೋಂಕುಗಳು ವರ್ಷವಿಡೀ ಇರುತ್ತವೆ. ಬಬೀಸಿಯಾ ರಕ್ತಕಣಗಳನ್ನು ಒಡೆಯುವುದರಿಂದ ನಾಯಿ ಹಳದಿಯಾಗುತ್ತದೆ, ಅಲ್ಲಿ ಲಿವರಿನ ಪಾತ್ರ ಎರಡನೆಯದು. ಒಸಡು ಬಿಳಿಚಿಕೊಂಡು ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಲಿವರ್ ತಜ್ಞರನ್ನು ಹುಡುಕುವ ಮೊದಲು ಒಂದು ರಕ್ತಲೇಪ, ಸಾಧ್ಯವಾದರೆ ಪಿಸಿಆರ್ ಪರೀಕ್ಷೆ ಆಗಬೇಕು. ಎರ್ಲಿಕಿಯಾ ಪ್ಲೇಟ್‌ಲೆಟ್‌ಗಳನ್ನು ಕುಗ್ಗಿಸುತ್ತದೆ. ಅಂಥ ನಾಯಿಗೆ ಬಯಾಪ್ಸಿ ಸೂಜಿ ಚುಚ್ಚುವುದು ಅಪಾಯ.

ಮಳೆಗಾಲದಲ್ಲಿ ಇಲಿ ಜ್ವರ. ಇಲಿ ಉಚ್ಚೆ ಬೆರೆತ ನೀರಿನಿಂದ ಬರುವ ಲೆಪ್ಟೊಸ್ಪೈರಾ ಲಿವರ್, ಮೂತ್ರಪಿಂಡ ಎರಡನ್ನೂ ಹಿಡಿಯುತ್ತದೆ. ಕರಾವಳಿ, ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಮರಿಯಿದ್ದಾಗ ತಪ್ಪದೆ ಲಸಿಕೆ ಹಾಕಿಸಿದವರು ನಾಯಿಗೆ ಎಂಟು ವರ್ಷವಾದ ಮೇಲೆ 'ಇನ್ನು ಯಾಕೆ' ಎಂದು ಬಿಟ್ಟಿರುತ್ತಾರೆ. ಲೆಪ್ಟೊ ಲಸಿಕೆಯ ರಕ್ಷಣೆಯನ್ನು ಸುಮಾರು ಒಂದು ವರ್ಷಕ್ಕೆ ಲೆಕ್ಕ ಹಾಕುತ್ತಾರೆ, ಪ್ರತಿ ವರ್ಷ ಮತ್ತೆ ಹಾಕಿಸಬೇಕು. ಈ ರೋಗ ನಾಯಿಯ ಮೂತ್ರದಿಂದ ಮನುಷ್ಯರಿಗೂ ಅಂಟುತ್ತದೆ. ಕಾಮಾಲೆಯಾದ ನಾಯಿಯ ಉಚ್ಚೆ ಒರೆಸುವಾಗ ಕೈಗವಸು ಹಾಕಿಕೊಳ್ಳಿ. ಇಲಿ ಜ್ವರವೆಂದು ಗಟ್ಟಿಯಾದರೆ ಮನೆಯವರು ತಮ್ಮ ಡಾಕ್ಟರಿಗೂ ಒಂದು ಮಾತು ಹೇಳಬೇಕು.

ಮರಿಗಳ ಲಸಿಕೆಯ ಹೆಸರಿನಲ್ಲಿರುವ 'ಎಚ್' ಅಕ್ಷರವೂ ಒಂದು ಲಿವರ್ ರೋಗದ್ದೇ. 1947ರಲ್ಲಿ ಸ್ವೀಡನ್ನಿನ ರುಬಾರ್ತ್ ವಿವರಿಸಿದ, ಅಡಿನೋವೈರಸ್‌ನಿಂದ ಬರುವ ಸಾಂಕ್ರಾಮಿಕ ಹೆಪಟೈಟಿಸ್ ಅದು. ಲಸಿಕೆ ಬಂದ ಮೇಲೆ ಸಾಕುನಾಯಿಗಳಲ್ಲಿ ಅಪರೂಪವಾಗಿದೆ.

ವಿಷದ ವಿಚಾರದಲ್ಲಿ ನಮ್ಮ ದೇಶದ ಒಂದು ಅಧ್ಯಾಯ ಪ್ರಪಂಚದ ಪಠ್ಯಪುಸ್ತಕಗಳಲ್ಲೇ ಸೇರಿದೆ. 1974ರ ಕೊನೆಯಲ್ಲಿ ಗುಜರಾತ್, ರಾಜಸ್ಥಾನಗಳ ಗಡಿಯ ಆದಿವಾಸಿ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆ ಬಂದು ಹೊಟ್ಟೆಯಲ್ಲಿ ನೀರು ತುಂಬತೊಡಗಿತು. ಅದೇ ಮನೆಗಳ ನಾಯಿಗಳೂ ಹಾಗೆಯೇ ಸತ್ತವು. ಹೊತ್ತಲ್ಲದ ಹೊತ್ತಿನ ಮಳೆಗೆ ನೆನೆದು ಬೂಸ್ಟು ಹಿಡಿದ ಮೆಕ್ಕೆಜೋಳವೇ ಕಾರಣ ಎಂದು ಆಮೇಲೆ ತಿಳಿಯಿತು. 1975ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ 397 ಜನ ಕಾಯಿಲೆ ಬಿದ್ದು 106 ಜನ ಸತ್ತಿದ್ದರು. ಬೂಸ್ಟಿನ ಆ ವಿಷ ಅಫ್ಲಾಟಾಕ್ಸಿನ್. ಅಡುಗೆಯ ಕುದಿಯುವಿಕೆಗೆ ಅದು ಹಾಳಾಗುವುದಿಲ್ಲ. ಮನುಷ್ಯರು ತಿನ್ನಲಾರದ ಹಿಟ್ಟು, ಮುಗ್ಗಲು ಶೇಂಗಾ, ಮೂಲೆಯಲ್ಲಿ ಬಿದ್ದ ರೊಟ್ಟಿಯನ್ನು 'ನಾಯಿಗಾದರೂ ಆಗುತ್ತೆ' ಎಂದು ಬೇಯಿಸಿ ಹಾಕುವ ರೂಢಿ ಇದ್ದಲ್ಲಿ ಇದನ್ನು ಮರೆಯಬಾರದು. ಚೀಲದ ಆಹಾರವೂ ಹೊರತಲ್ಲ: 2020ರ ಕೊನೆಯಲ್ಲಿ ಅಮೆರಿಕದಲ್ಲಿ ಇದೇ ವಿಷ ಸೇರಿದ ಒಂದು ಕಂಪನಿಯ ಆಹಾರ ತಿಂದು ಹತ್ತಾರು ನಾಯಿಗಳು ಸತ್ತು, ಸರಕು ವಾಪಸು ಕರೆಸಬೇಕಾಯಿತು. ಇನ್ನು ಮನೆಯಂಗಳದ ಕುಂಡಗಳಲ್ಲಿ ಅಂದಕ್ಕೆ ಬೆಳೆಸುವ ಸೈಕಾಸ್ ಗಿಡದ ಬೀಜ, ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ಮಿನ ಝೈಲಿಟಾಲ್, ಜ್ವರಕ್ಕೆಂದು ಮನೆಯವರೇ ಲೆಕ್ಕವಿಲ್ಲದೆ ಕೊಟ್ಟ ಪ್ಯಾರಾಸಿಟಮಾಲ್ ಇವೂ ನಾಯಿಯ ಲಿವರನ್ನು ದಿನಗಳಲ್ಲಿ ಕೊಲ್ಲಬಲ್ಲವು. ಮುದಿ ನಾಯಿಯ ಕೀಲುನೋವಿಗೆ ಕೊಡುವ ಕಾರ್ಪ್ರೊಫೆನ್‌ನಂಥ ಮಾತ್ರೆಯೂ ಕೆಲವೇ ಕೆಲವು ನಾಯಿಗಳಲ್ಲಿ ಲಿವರನ್ನು ಕೆಡಿಸುತ್ತದೆ. ಮಾತ್ರೆ ಶುರುವಾದ ಮೇಲೆ ಊಟ ಬಿಟ್ಟ ನಾಯಿಗೆ ಅದನ್ನು ನಿಲ್ಲಿಸಿ ರಕ್ತ ನೋಡಿಸುವುದು ಬುದ್ಧಿವಂತಿಕೆ.

ತಾಮ್ರದ ಕತೆ ಸ್ವಲ್ಪ ಉದ್ದ, ಆದರೆ ತಜ್ಞರು ಯಾಕೆ ಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಕೆಲವು ತಳಿಗಳ ಲಿವರ್ ಆಹಾರದ ತಾಮ್ರವನ್ನು ಹೊರಹಾಕಲಾರದೆ ಕೂಡಿಹಾಕಿಕೊಂಡು ಸುಟ್ಟುಕೊಳ್ಳುತ್ತದೆ. 1970ರ ದಶಕದಲ್ಲಿ ಬೆಡ್ಲಿಂಗ್‌ಟನ್ ಟೆರಿಯರ್‌ಗಳಲ್ಲಿ ಇದು ಗೊತ್ತಾಯಿತು, 2002ರಲ್ಲಿ ಅದರ ವಂಶವಾಹಿ ಸಿಕ್ಕಿತು. ಆ ತಳಿ ನಮ್ಮ ಕಡೆ ಕಾಣಸಿಗುವುದೇ ಅಪರೂಪ. ಆದರೆ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2016ರಲ್ಲಿ ಲ್ಯಾಬ್ರಡಾರ್‌ಗಳಲ್ಲಿಯೂ ಇದರ ವಂಶವಾಹಿ ಮೂಲವನ್ನು ತೋರಿಸಿದರು. ಮನುಷ್ಯರಲ್ಲಿ ತಾಮ್ರ ಕೂಡಿಹಾಕುವ ವಿಲ್ಸನ್ ಕಾಯಿಲೆಗೆ ಕಾರಣವಾದ ವಂಶವಾಹಿಯೇ ಅದು. ಲ್ಯಾಬ್ರಡಾರ್ ಇಲ್ಲದ ಬೀದಿ ಬೆಂಗಳೂರಿನಲ್ಲಿ ಉಂಟೆ? ಡಾಬರ್‌ಮನ್, ಡಾಲ್ಮೇಷಿಯನ್‌ಗಳಲ್ಲೂ ತಾಮ್ರ ಸೇರಿದ ಹೆಪಟೈಟಿಸ್ ಇದೆ. ಇದಕ್ಕೆ ತಾಮ್ರವನ್ನು ಎಳೆದು ಹೊರಹಾಕುವ ಡಿ-ಪೆನಿಸಿಲ್ಲಮಿನ್ ಎಂಬ ನಿರ್ದಿಷ್ಟ ಔಷಧಿ ಇದೆ, ಕಡಿಮೆ ತಾಮ್ರದ ಆಹಾರ ಇದೆ, ಸಮಯಕ್ಕೆ ಹಿಡಿದರೆ ನಾಯಿ ವರ್ಷಗಟ್ಟಲೆ ಬದುಕುತ್ತದೆ. ಇಂಥ ನಾಯಿಗೆ ಶಕ್ತಿ ಬರಲೆಂದು ದಿನಾ ಕುರಿಯ ಲಿವರ್ ಬೇಯಿಸಿ ಹಾಕಿದರೆ, ತಾಮ್ರದ ಬಿಂದಿಗೆಯ ನೀರು ಕುಡಿಸಿದರೆ, ಬೆಂಕಿಗೆ ತುಪ್ಪ ಸುರಿದಂತೆ. ತಾಮ್ರವೆಷ್ಟಿದೆ ಎಂಬುದು ರಕ್ತಪರೀಕ್ಷೆಯಲ್ಲಿ ತಿಳಿಯುವುದಿಲ್ಲ, ಸ್ಕ್ಯಾನಿಂಗ್‌ನಲ್ಲಂತೂ ಇಲ್ಲವೇ ಇಲ್ಲ. ಲಿವರಿನ ತುಣುಕು ಬೇಕು.

ತುಣುಕಿನ ಮಾತು ಬಂದಾಗ ಜನ ಹಿಂಜರಿಯುತ್ತಾರೆ, ಹಿಂಜರಿಯಬೇಕಾದದ್ದೂ ಹೌದು. ತೆಳು ಸೂಜಿಯಿಂದ ಕೋಶ ಹೀರುವುದು ಸುಲಭ, ಅಗ್ಗ, ಅಪಾಯ ಕಡಿಮೆ. ಲಿಂಫೋಮಾದಂಥ ಕ್ಯಾನ್ಸರನ್ನು, ಕೋಶಗಳಲ್ಲಿ ಕೊಬ್ಬು ಅಥವಾ ಗ್ಲೈಕೋಜನ್ ತುಂಬಿದ್ದನ್ನು ಅದು ತೋರಿಸಬಲ್ಲದು. ಕ್ರಾನಿಕ್ ಹೆಪಟೈಟಿಸ್ ಹೌದೋ ಅಲ್ಲವೋ ಎಂದು ಅದರಿಂದ ತೀರ್ಮಾನಿಸಲಾಗದು, ಏಕೆಂದರೆ ಅದಕ್ಕೆ ಕೋಶಗಳ ಜೋಡಣೆಯೇ ಕಾಣಬೇಕು. ಅಮೆರಿಕನ್ ಕಾಲೇಜ್ ಆಫ್ ವೆಟರ್ನರಿ ಇಂಟರ್ನಲ್ ಮೆಡಿಸಿನ್ 2019ರಲ್ಲಿ ಪ್ರಕಟಿಸಿದ ಒಮ್ಮತದ ಹೇಳಿಕೆ ಇದನ್ನು ಬಿಡಿಸಿ ಹೇಳುತ್ತದೆ: ಕ್ರಾನಿಕ್ ಹೆಪಟೈಟಿಸ್ ಎನ್ನಲು ಬಯಾಪ್ಸಿಯೇ ಬೇಕು, ಒಂದಕ್ಕಿಂತ ಹೆಚ್ಚು ಹಾಲೆಗಳಿಂದ ತುಣುಕು ತೆಗೆಯಬೇಕು, ಸೂಕ್ಷ್ಮದರ್ಶಕದ ಜೊತೆಗೆ ತಾಮ್ರದ ಅಳತೆಯೂ ಬ್ಯಾಕ್ಟೀರಿಯಾ ಪರೀಕ್ಷೆಯೂ ಆಗಬೇಕು. ಲ್ಯಾಪರೋಸ್ಕೋಪಿ ಇದ್ದಲ್ಲಿ ಎರಡು ಸಣ್ಣ ರಂಧ್ರಗಳಲ್ಲಿ ಕೆಲಸ ಮುಗಿಯುತ್ತದೆ, ರಕ್ತ ಸೋರಿದರೆ ಕಣ್ಣೆದುರೇ ಕಾಣುತ್ತದೆ. ಇಲ್ಲದಿದ್ದರೆ ಹೊಟ್ಟೆ ತೆರೆಯಬೇಕು, ಇಲ್ಲವೇ ಸ್ಕ್ಯಾನಿಂಗ್ ನೋಡುತ್ತ ದಪ್ಪ ಸೂಜಿ ಹಾಕಬೇಕು. ಯಾವುದೇ ಆದರೂ ಮೊದಲು ಪ್ಲೇಟ್‌ಲೆಟ್ ಎಣಿಕೆ, ಹೆಪ್ಪುಗಟ್ಟುವ ಸಮಯ ನೋಡಲೇಬೇಕು. ಇವನ್ನು ನೋಡದೆ ಬಯಾಪ್ಸಿಗೆ ದಿನ ಕೊಡುವ ಕಡೆಯಿಂದ ಎದ್ದು ಬನ್ನಿ.

ತೆಗೆದ ತುಣುಕು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಕೇಳುವವರು ವಿರಳ. ನಾಯಿಯ ಲಿವರ್ ಓದಿ ಅಭ್ಯಾಸವಿಲ್ಲದವರು 'ಉರಿಯೂತ ಇದೆ' ಎಂದು ಒಂದು ಸಾಲು ಬರೆದರೆ ಅಷ್ಟೆಲ್ಲ ಮಾಡಿದ್ದೂ ಹೊಳೆಗೆ ಹೋಯಿತು. ಉರಿಯೂತ ಎಲ್ಲಿದೆ, ಎಷ್ಟಿದೆ, ನಾರು ಎಷ್ಟು ಬೆಳೆದಿದೆ, ತಾಮ್ರ ಯಾವ ವಲಯದಲ್ಲಿ ಕೂತಿದೆ ಎಂದು ಬರೆಯುವ ಪೆಥಾಲಜಿಸ್ಟ್ ಬೇಕು. ಇಂಥವರು ನಮ್ಮಲ್ಲಿ ಹೆಚ್ಚಾಗಿ ಪಶುವೈದ್ಯಕೀಯ ಕಾಲೇಜುಗಳಲ್ಲಿದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಕಾಲೇಜು ಇದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲೂ ಕಾಲೇಜುಗಳಿವೆ. ಗಡಿಯಾಚೆ ಚೆನ್ನೈಯ ವೇಪೇರಿಯಲ್ಲಿರುವ, 1903ರಲ್ಲಿ ಆರಂಭವಾದ ಮದ್ರಾಸ್ ವೆಟರ್ನರಿ ಕಾಲೇಜಿಗೆ ಕೋಲಾರ, ಬೆಂಗಳೂರಿನವರು ಹೋಗುವುದುಂಟು. ಉತ್ತರ ಕರ್ನಾಟಕದವರು ಪುಣೆ, ಮುಂಬೈ ಕಡೆ ತಿರುಗುತ್ತಾರೆ. ಮುಂಬೈಯಲ್ಲಿ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ಬಾಗಿಲು ತೆರೆಯಿತು. ಕಾಲೇಜಿನ ಬೋಧನಾ ಆಸ್ಪತ್ರೆ ಎಂದರೆ ಬೆಳಿಗ್ಗೆಯಿಂದ ಸರದಿ, ನಾಲ್ಕು ಜನ ವಿದ್ಯಾರ್ಥಿಗಳು ನಾಯಿಯನ್ನು ಮುಟ್ಟಿ ನೋಡುವುದು, ಅದೇ ಪ್ರಶ್ನೆಯನ್ನು ಮೂರು ಬಾರಿ ಕೇಳುವುದು. ಅದಕ್ಕೆ ಬೇಸರಪಡುವವರಿದ್ದಾರೆ. ನನ್ನ ಮಟ್ಟಿಗೆ ಮೂರು ಬಾರಿ ಕೇಳುವುದೇ ಅಲ್ಲಿನ ಲಾಭ. ಮೆಡಿಸಿನ್, ಸರ್ಜರಿ, ಪೆಥಾಲಜಿ ಒಂದೇ ಆವರಣದಲ್ಲಿರುವ ಅನುಕೂಲ ದುಬಾರಿ ಖಾಸಗಿ ಆಸ್ಪತ್ರೆಗಳಲ್ಲೂ ಹೆಚ್ಚಿನ ಕಡೆ ಇಲ್ಲ.

ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರನ್ನು ಹಳ್ಳಿಯವರು 'ದನದ ಡಾಕ್ಟರು' ಎನ್ನುತ್ತಾರೆ, ಅವರ ದಿನದ ಬಹುಪಾಲು ಹಸು, ಎಮ್ಮೆ, ಕುರಿಗಳಿಗೇ ಹೋಗುತ್ತದೆ. ಅವರನ್ನು ಕಡೆಗಣಿಸಿ ನೇರ ಬೆಂಗಳೂರಿಗೆ ಓಡುವುದು ಸರಿಯಲ್ಲ. ಉಣ್ಣೆ ಜ್ವರ, ಇಲಿ ಜ್ವರಗಳನ್ನು ದಿನಾ ನೋಡುವವರು ಅವರೇ. ಹಿಂತಿರುಗಿ ಬಂದ ಮೇಲೆ ಡ್ರಿಪ್ ಹಾಕುವವರೂ, ಅರ್ಧರಾತ್ರಿ ಫೋನ್ ಎತ್ತುವವರೂ ಅವರೇ. 'ನನ್ನಿಂದ ಇದು ಬಿಡಿಸಲಾಗುತ್ತಿಲ್ಲ, ಇಂಥಲ್ಲಿಗೆ ಚೀಟಿ ಬರೆದುಕೊಡುತ್ತೇನೆ' ಎನ್ನುವ ಡಾಕ್ಟರ ಮೇಲೆ ಗೌರವ ಹೆಚ್ಚಬೇಕು. ಹಾಗೆ ಹೇಳಲು ಅವರಿಗೆ ದಾರಿ ಮಾಡಿಕೊಡುವುದು ನಮ್ಮ ಕೈಯಲ್ಲಿದೆ: 'ಸಾರ್, ಒಮ್ಮೆ ಹೆಬ್ಬಾಳದಲ್ಲಿ ತೋರಿಸಿಕೊಂಡು ಬರಲೇ, ನೀವೇ ಒಂದು ಕಾಗದ ಕೊಡಿ' ಎಂದು ಕೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಮಕ್ಕಳು ನ್ಯೂಜೆರ್ಸಿಯಲ್ಲೋ ಸಿಡ್ನಿಯಲ್ಲೋ, ಅಪ್ಪ ಅಮ್ಮ ಮತ್ತು ಮುದಿ ನಾಯಿ ಮೈಸೂರಿನಲ್ಲಿ ಇರುವ ಮನೆಗಳು ಈಗ ಎಷ್ಟೋ. ಅಂಥ ಮಕ್ಕಳು ವರದಿಯ ಫೋಟೋ ತರಿಸಿಕೊಂಡು ಅಲ್ಲಿನ ತಜ್ಞರಿಗೆ ತೋರಿಸಲು ಒದ್ದಾಡುತ್ತಾರೆ. ನಾಯಿಯನ್ನು ಮುಟ್ಟಿ ನೋಡದ ವೈದ್ಯರು ಮನೆಯವರಿಗೆ ನೇರವಾಗಿ ಔಷಧಿ ಹೇಳುವುದು ಅಲ್ಲಿ ಬಹುತೇಕ ಕಡೆ ನಿಯಮಕ್ಕೆ ವಿರುದ್ಧ. ಆದರೆ ಇಲ್ಲಿನ ಡಾಕ್ಟರು ಅಲ್ಲಿನ ತಜ್ಞರೊಂದಿಗೆ ಮಾತಾಡಿ ಸಲಹೆ ಪಡೆಯಬಹುದು. ಮಗಳು ತನ್ನ ತಜ್ಞರನ್ನು ಅಮ್ಮನಿಗೆ ಜೋಡಿಸುವ ಬದಲು ಅಮ್ಮನ ಡಾಕ್ಟರಿಗೆ ಜೋಡಿಸಿದರೆ ಕೆಲಸವಾದೀತು. ಸ್ಕ್ಯಾನಿಂಗ್‌ನ ಮೂಲ ಚಿತ್ರಗಳನ್ನು, ಬಯಾಪ್ಸಿಯ ಸ್ಲೈಡುಗಳನ್ನು ಆಸ್ಪತ್ರೆಯಿಂದ ಕೇಳಿ ಪಡೆದಿಟ್ಟುಕೊಳ್ಳುವುದು ಇದಕ್ಕಾಗಿಯೇ. ಮೊಬೈಲಿನಲ್ಲಿ ತೆಗೆದ ಮಸುಕು ಫೋಟೋದಿಂದ ಯಾರೂ ಏನೂ ಹೇಳಲಾರರು.

ಗಡ್ಡೆಯ ಬಗ್ಗೆ ನಮ್ಮಲ್ಲಿರುವ ನಿರಾಶೆ ಕೆಲವೊಮ್ಮೆ ಅತಿಯಾದದ್ದು. ಲಿವರಿನ ಒಂದೇ ಹಾಲೆಯಲ್ಲಿ ದೊಡ್ಡದಾಗಿ ಬೆಳೆಯುವ ಹೆಪಟೋಸೆಲ್ಯುಲರ್ ಕಾರ್ಸಿನೋಮಾ ಎಂಬ ಕ್ಯಾನ್ಸರ್ ಮುದಿ ನಾಯಿಗಳಲ್ಲಿ ಬರುತ್ತದೆ. 48 ನಾಯಿಗಳನ್ನು ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದವುಗಳ ಮಧ್ಯಮ ಆಯಸ್ಸು 1,460 ದಿನಕ್ಕಿಂತ, ಅಂದರೆ ನಾಲ್ಕು ವರ್ಷಕ್ಕಿಂತ, ಹೆಚ್ಚು ಎಂದು ಲೆಕ್ಕ ಸಿಕ್ಕಿತು. ಶಸ್ತ್ರಚಿಕಿತ್ಸೆಯಿಲ್ಲದವುಗಳ ಮಧ್ಯಮ ಆಯಸ್ಸು 270 ದಿನ. ಹನ್ನೊಂದು ವರ್ಷದ ನಾಯಿಗೆ ನಾಲ್ಕು ವರ್ಷ ಎಂದರೆ ಇನ್ನೊಂದು ಜನ್ಮ. ಎಲ್ಲ ಗಡ್ಡೆಗಳಿಗೂ ಈ ಭಾಗ್ಯವಿಲ್ಲ. ಹಲವು ಹಾಲೆಗಳಿಗೆ ಹರಡಿದ್ದು, ಗುಲ್ಮದಿಂದ ಬಂದ ಹೆಮಾಂಜಿಯೋಸಾರ್ಕೋಮಾ ಇವುಗಳ ಕತೆ ಬೇರೆ, ಚಿಕ್ಕದು. ಯಾವುದು ಯಾವುದೆಂದು ಗುರುತಿಸಲು ಮತ್ತೆ ಆ ಮೂವರೇ ಬೇಕು.

ಹೊಟ್ಟೆಯಲ್ಲಿ ನೀರು ತುಂಬಿದ ನಾಯಿಗೆ 'ಲಿವರ್ ಹೋಯ್ತು' ಎಂಬ ಷರಾ ಬೇಗ ಬೀಳುತ್ತದೆ. ಹೃದಯದ ಕಾಯಿಲೆ, ಹೃದಯದ ಚೀಲದಲ್ಲಿ ನೀರು, ಕರುಳಿನಿಂದಲೋ ಮೂತ್ರದಲ್ಲೋ ಪ್ರೋಟೀನ್ ಸೋರಿಕೆ, ಗಡ್ಡೆ ಒಡೆದು ಒಳಗೆ ರಕ್ತಸ್ರಾವ ಇವೂ ಹೊಟ್ಟೆ ಉಬ್ಬಿಸುತ್ತವೆ. ಒಂದು ಸಿರಿಂಜಿನಷ್ಟು ನೀರು ತೆಗೆದು ಪರೀಕ್ಷಿಸಿ, ಹೃದಯದ ಎಕೋ ಮಾಡಿಸಿದರೆ ಎಷ್ಟೋ ಕಗ್ಗಂಟು ಬಿಚ್ಚಿಕೊಳ್ಳುತ್ತದೆ. ನೀರು ಲಿವರಿನಿಂದಲೇ ಬಂದಿದ್ದರೆ ಅದು ಕೆಟ್ಟ ಸೂಚನೆ ಎಂಬುದನ್ನು ಮುಚ್ಚಿಡಬೇಕಿಲ್ಲ.

ಕಾಯುವಂತಿಲ್ಲದ ಲಕ್ಷಣಗಳೂ ಇವೆ. ಒಸಡು ಹಳದಿಯಾಗಿ ವಾಂತಿ ನಿಲ್ಲದಿರುವುದು, ಕಪ್ಪು ಮಲ, ಗೋಡೆಗೆ ತಲೆ ಒತ್ತಿ ನಿಲ್ಲುವುದು, ದಿಕ್ಕು ತಪ್ಪಿದಂತೆ ಸುತ್ತುವುದು, ಫಿಟ್ಸ್, ಏಳಲಾಗದಷ್ಟು ನಿಶ್ಶಕ್ತಿ. ಆಗ ಹತ್ತಿರದ, ಇಪ್ಪತ್ತನಾಲ್ಕು ಗಂಟೆ ತೆರೆದಿರುವ ಆಸ್ಪತ್ರೆಯೇ ಸ್ಪೆಷಲಿಸ್ಟ್. ಮುನ್ನೂರು ಕಿಲೋಮೀಟರ್ ಕಾರಿನಲ್ಲಿ ಒಯ್ಯುವ ಯೋಚನೆ ಆಮೇಲೆ.

ಔಷಧಿಗಳ ಪಟ್ಟಿ ಉದ್ದವೇನಲ್ಲ. ಪಿತ್ತ ಹರಿಯಲು ಉರ್ಸೊಡಿಆಕ್ಸಿಕೋಲಿಕ್ ಆಸಿಡ್, ಕೋಶರಕ್ಷಣೆಗೆ ಎಸ್-ಅಡಿನೋಸಿಲ್ ಮಿಥಿಯೊನಿನ್, ಸಿಲಿಮರಿನ್, ವಿಟಮಿನ್ ಇ, ಮಿದುಳಿಗೆ ಮಂಪರು ಹತ್ತಿದರೆ ಲ್ಯಾಕ್ಟುಲೋಸ್, ಹೊಟ್ಟೆಯ ನೀರಿಗೆ ಸ್ಪೈರೊನೊಲ್ಯಾಕ್ಟೋನ್. ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದ ಹೆಪಟೈಟಿಸ್‌ಗೆ ಪ್ರೆಡ್ನಿಸೊಲೋನ್ ಅಥವಾ ಸೈಕ್ಲೋಸ್ಪೋರಿನ್. ಈ ಕೊನೆಯವನ್ನು ಹೆಸರು ಗೊತ್ತಿಲ್ಲದ ಕಾಯಿಲೆಗೆ ಕೊಟ್ಟರೆ, ಒಳಗಿದ್ದ ಸೋಂಕು ಹೆಡೆಯೆತ್ತುತ್ತದೆ. ಲಿವರ್ ಟಾನಿಕ್‌ಗಳು, ನೆಲನೆಲ್ಲಿ ಕಷಾಯ ಇವುಗಳ ಮೇಲೆ ನನಗೆ ದ್ವೇಷವೇನಿಲ್ಲ. ಅವುಗಳನ್ನು ಕುಡಿಸುತ್ತ ತಿಂಗಳುಗಟ್ಟಲೆ ಪರೀಕ್ಷೆಯನ್ನು ಮುಂದೂಡುವುದರ ಮೇಲೆ ಇದೆ.

ಊಟದ ವಿಷಯದಲ್ಲಿ ಒಂದು ಹಳೆಯ ತಪ್ಪು ಇನ್ನೂ ಬಿಟ್ಟಿಲ್ಲ: ಲಿವರ್ ಎಂದ ಕೂಡಲೇ ಮಾಂಸ, ಮೊಟ್ಟೆ ನಿಲ್ಲಿಸಿ ಬರೀ ಗಂಜಿ, ಮೊಸರನ್ನ. ಪ್ರೋಟೀನ್ ಕಡಿಮೆ ಮಾಡಬೇಕಾದದ್ದು ಅಮೋನಿಯಾ ಏರಿ ಮಂಪರು ಹತ್ತಿದ ನಾಯಿಗಳಿಗೆ ಮಾತ್ರ. ಅವಕ್ಕೂ ಪನೀರ್, ಮೊಸರು, ಮೊಟ್ಟೆಯ ಪ್ರೋಟೀನ್ ಒಗ್ಗುತ್ತದೆ. ಉಳಿದ ನಾಯಿಗಳನ್ನು ಗಂಜಿಯ ಮೇಲಿಟ್ಟರೆ ಸೊಂಟದ ಮಾಂಸ ಕರಗಿ, ಲಿವರಿಗಿಂತ ಮೊದಲು ಕಾಲುಗಳೇ ಸೋಲುತ್ತವೆ.

ದುಡ್ಡಿನ ಮಾತು ಆಡಲೇಬೇಕು. ಸ್ಕ್ಯಾನಿಂಗ್, ಬಯಾಪ್ಸಿ, ವಾರಗಟ್ಟಲೆ ಡ್ರಿಪ್ ಎಲ್ಲ ಸೇರಿದರೆ ಮಧ್ಯಮವರ್ಗದ ಮನೆಗೆ ಭಾರ. ನಾಯಿ ವಿಮೆಗಳು ಬಂದಿವೆ, ಆದರೆ ಸಾಮಾನ್ಯವಾಗಿ ಹೊಸದಾಗಿ ಸೇರಿಸಲು ವಯಸ್ಸಿನ ಮಿತಿ ಇರುತ್ತದೆ, ಮೊದಲೇ ಇದ್ದ ಕಾಯಿಲೆಗೆ ಹಣ ಬರುವುದಿಲ್ಲ. ಆದ್ದರಿಂದ ಪ್ರತಿ ಪರೀಕ್ಷೆಗೂ ಮೊದಲು ಕೇಳಬಹುದಾದ ಒಂದೇ ಪ್ರಶ್ನೆ: 'ಇದರ ಉತ್ತರ ಬಂದರೆ ಚಿಕಿತ್ಸೆ ಬದಲಾಗುತ್ತದೆಯೇ?' ಹದಿನೈದು ವರ್ಷದ, ಎರಡೂ ಮೂತ್ರಪಿಂಡ ಸೋತ ನಾಯಿಗೆ ಬಯಾಪ್ಸಿ ಬೇಡ ಎನ್ನುವುದು ಸೋಲಲ್ಲ. ವಾಂತಿ ನಿಲ್ಲಿಸಿ, ನೋವು ತಗ್ಗಿಸಿ, ಮನೆಯ ಮೂಲೆಯಲ್ಲಿ ಮಲಗಿರಲು ಬಿಡುವುದೂ ಚಿಕಿತ್ಸೆಯೇ. ಅದು ಸಾಕಾಗದ ದಿನ ದಯಾಮರಣದ ಮಾತನ್ನು ನಾವೇ ಎತ್ತಿದರೆ ಡಾಕ್ಟರಿಗೂ ನಿಜ ಹೇಳಲು ಸುಲಭ. ಆದರೆ ಒಂಬತ್ತು ವರ್ಷದ, ಬಾಲ ಆಡಿಸುತ್ತ ಬರುವ ಲ್ಯಾಬ್ರಡಾರ್‌ನ ಎಸ್‌ಜಿಪಿಟಿ ಆರು ವಾರದ ಅಂತರದಲ್ಲಿ ಎರಡು ಸಲ ಏರಿಯೇ ಇದ್ದರೆ, 'ವಯಸ್ಸಾಯ್ತಲ್ಲ' ಎನ್ನುವ ಮಾತಿಗೆ ಒಪ್ಪಬೇಡಿ. ವಯಸ್ಸು ಕಾಯಿಲೆಯ ಹೆಸರಲ್ಲ.

ಕೊನೆಗೊಂದು ವಿನಂತಿ, ಕೇಳಲು ಕಠಿಣವಾದದ್ದು. ನಾಯಿ ತೀರಿಕೊಂಡರೆ, ಕಾರಣ ಸ್ಪಷ್ಟವಾಗಿರದಿದ್ದರೆ, ಹತ್ತಿರದ ಪಶುವೈದ್ಯಕೀಯ ಕಾಲೇಜಿನ ಪೆಥಾಲಜಿ ವಿಭಾಗದಲ್ಲಿ ಮರಣೋತ್ತರ ಪರೀಕ್ಷೆಗೆ ಒಪ್ಪಿಕೊಳ್ಳಿ. ದೇಹವನ್ನು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಬೇಡಿ, ಮಂಜುಗಡ್ಡೆ ಸುತ್ತಿಟ್ಟು ಆದಷ್ಟು ಬೇಗ ತಲುಪಿಸಿ, ಹಳೆಯ ವರದಿಗಳ ಕಡತವನ್ನೂ ಜೊತೆಗೆ ಕೊಡಿ. ನಾಯಿಯ ಲಿವರ್ ಓದಬಲ್ಲವರು ತಯಾರಾಗುವುದು ಅಂಥ ಮೇಜುಗಳ ಮೇಲೆಯೇ.